ಚೀನಾದಿಂದ ಪ್ಯಾಕಿಂಗ್ ಮೆಷಿನ್ ಬರ್ತಿದೆ, ಕಸ್ಟಮ್ಸ್ ಬ್ರೋಕರ್ ಬೇಕಾ ಬೇಡ್ವಾ?

ತಾರಿಹಾಳ ಖಾರದಪುಡಿ:
ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯ ತಾರಿಹಾಳದಲ್ಲಿ ನಮ್ಮದೊಂದು ಸಣ್ಣ ಯೂನಿಟ್ ಇದೆ. ಬ್ಯಾಡಗಿ ಮೆಣಸಿನಕಾಯಿ ಪುಡಿ, ಸಾಂಬಾರ್ ಪುಡಿ ಮಾಡುತ್ತೇವೆ. ಈವರೆಗೆ ಪೌಚ್‌ಗಳನ್ನು ಕೈಯಲ್ಲೇ ತುಂಬಿ ಸೀಲ್ ಮಾಡುತ್ತಿದ್ದೆವು. ಈಗ ಚೀನಾದ ನಿಂಗ್ಬೋದಿಂದ ಆಟೊಮ್ಯಾಟಿಕ್ ಪೌಚ್ ಪ್ಯಾಕಿಂಗ್ ಮೆಷಿನ್ ತರಿಸುತ್ತಿದ್ದೇವೆ. ಎಫ್‌ಒಬಿ ಬೆಲೆ (ಅಲ್ಲಿ ಹಡಗಿಗೆ ಹತ್ತಿಸುವವರೆಗಿನದು, ಸಮುದ್ರದ ಬಾಡಿಗೆ, ಇನ್ಶೂರೆನ್ಸ್ ಬೇರೆ) ನಮ್ಮ ದುಡ್ಡಿನಲ್ಲಿ ಸುಮಾರು 8 ಲಕ್ಷ. ಪೂರ್ತಿ ಕಂಟೇನರ್ ಅಲ್ಲ, ಎಲ್‌ಸಿಎಲ್, ಅಂದರೆ ಬೇರೆಯವರ ಮಾಲಿನ ಜೊತೆ ಒಂದೇ ಕಂಟೇನರ್‌ನಲ್ಲಿ. ಮುಂಬೈ ಹತ್ತಿರದ ನ್ಹಾವಾ ಶೇವಾ ಬಂದರಿಗೆ ಬಂದು ಅಲ್ಲಿಂದ ಲಾರಿಯಲ್ಲಿ ಹುಬ್ಬಳ್ಳಿಗೆ ಬರಬೇಕು. ಮೆಷಿನ್ ಇನ್ನೂ ಅವರ ಫ್ಯಾಕ್ಟರಿಯಲ್ಲೇ ಇದೆ.

ಐಇಸಿ (ಆಮದು-ರಫ್ತಿಗೆ ಬೇಕಾದ ಕೋಡ್ ನಂಬರ್) ಮಾಡಿಸಿದ್ದೇನೆ. ಮಾಲು ಸಾಗಿಸುವ ವ್ಯವಸ್ಥೆ ಮಾಡುವ ಫಾರ್ವರ್ಡರ್ ಒಬ್ಬರು "ಕ್ಲಿಯರಿಂಗ್ ಕೂಡ ನಮ್ಮ ಕಡೆಯವರೇ ಮಾಡುತ್ತಾರೆ, ನೀವು ದುಡ್ಡು ಹಾಕಿ ಸುಮ್ನೆ ಇದ್ದುಬಿಡಿ" ಅನ್ನುತ್ತಾರೆ. ನನ್ನ ತಮ್ಮನ ಮಗ ಮಾತ್ರ "ದೊಡ್ಡಪ್ಪ, ಈಗ ಎಲ್ಲಾ ಆನ್‌ಲೈನ್. ಬ್ರೋಕರ್‌ಗೆ ಯಾಕೆ ದುಡ್ಡು ಕೊಡ್ತೀರಿ?" ಅಂತಾನೆ. ಈ ಬ್ರೋಕರ್ ಅನ್ನುವವರು ನಿಜವಾಗಿ ಏನು ಮಾಡುತ್ತಾರೆ? ತಿಳಿದವರು ಸ್ವಲ್ಪ ಬಿಡಿಸಿ ಹೇಳ್ರಿ.

ಸ್ವಂತ ಫೈಲಿಂಗ್:
ನಿಮ್ಮ ತಮ್ಮನ ಮಗ ಹೇಳಿದ್ದು ಸರಿ. ಬ್ರೋಕರ್ ಇಲ್ಲದೆ ಬಿಲ್ ಆಫ್ ಎಂಟ್ರಿ (ಆಮದು ಮಾಲಿನ ವಿವರ ಕಸ್ಟಮ್ಸ್‌ಗೆ ಕೊಡುವ ಘೋಷಣೆ) ಹಾಕಬಾರದು ಅಂತ ಎಲ್ಲೂ ಇಲ್ಲ. ಕಸ್ಟಮ್ಸ್‌ನ ಐಸ್‌ಗೇಟ್ ಪೋರ್ಟಲ್‌ನಲ್ಲಿ ಆಮದುದಾರರಾಗಿ ರಿಜಿಸ್ಟರ್ ಆಗಿ. ಡಿಜಿಟಲ್ ಸಿಗ್ನೇಚರ್ ತಗೊಳ್ಳಿ. ದಾಖಲೆಗಳನ್ನು ಇ-ಸಂಚಿತ್‌ಗೆ (ಕಸ್ಟಮ್ಸ್ ಕಾಗದಗಳನ್ನು ಆನ್‌ಲೈನ್‌ನಲ್ಲಿ ಇಡುವ ಜಾಗ) ಏರಿಸಿ, ಬಿಲ್ ಆಫ್ ಎಂಟ್ರಿ ಸಲ್ಲಿಸಿ, ಡ್ಯೂಟಿ ಕಟ್ಟಿ. ನಾನು ಬೆಂಗಳೂರು ಏರ್‌ಪೋರ್ಟ್ ಕಾರ್ಗೊದಲ್ಲಿ ಎಲೆಕ್ಟ್ರಾನಿಕ್ ಬಿಡಿಭಾಗಗಳನ್ನು ಹೀಗೇ ಬಿಡಿಸಿಕೊಳ್ಳುತ್ತೇನೆ. ಅದೇ ಪಾರ್ಟ್, ಅದೇ ಸಪ್ಲೈಯರ್. ಹಳೆ ಬಿಲ್ ತೆಗೆದು ಇನ್‌ವಾಯ್ಸ್ ನಂಬರ್ ಬದಲಿಸಿದರೆ ಮುಗಿಯಿತು. ಮೊದಲು ಬ್ರೋಕರ್ ಆಫೀಸಿನಲ್ಲಿ ಒಬ್ಬ ಹುಡುಗ ಅದನ್ನೇ ಟೈಪ್ ಮಾಡುತ್ತಿದ್ದ. ಅದಕ್ಕೆ ನಾನು ಫೀಸು ಕೊಡುತ್ತಿದ್ದೆ.

ಪನ್ವೇಲ್ ಕನ್ನಡಿಗ:
ಸ್ವಂತ ಫೈಲಿಂಗ್ ಅವರೇ, ನೀವು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ನಿಮ್ಮದು ದಿನಾ ಬರುವ ಮಾಲು, ಊರಲ್ಲೇ ಏರ್‌ಪೋರ್ಟ್. ಹುಬ್ಬಳ್ಳಿಯವರದು ಮೊದಲ ಸಲ, ಎಲ್‌ಸಿಎಲ್, ಬಂದರು ಬೇರೆ ರಾಜ್ಯದಲ್ಲಿ. ಅಧಿಕಾರಿ ಪೆಟ್ಟಿಗೆ ತೆರೆದು ತೋರಿಸಿ ಅಂದರೆ ಇವರು ರಾತ್ರಿ ಬಸ್ ಹತ್ತಬೇಕಾಗುತ್ತದೆ.

ನಾನು ವಿಜಯಪುರದವನು. ಈಗ ಪನ್ವೇಲ್‌ನಲ್ಲಿದ್ದೇನೆ, ಒಂದು ಬ್ರೋಕರ್ ಆಫೀಸಿನಲ್ಲಿ ಜಿ ಕಾರ್ಡ್ ಮೇಲೆ ಕೆಲಸ. ಬ್ರೋಕರ್‌ಗೆ ಲೈಸೆನ್ಸ್ ಕೊಡುವುದು ಕಸ್ಟಮ್ಸ್ ಇಲಾಖೆಯೇ, 1962ರ ಕಸ್ಟಮ್ಸ್ ಕಾಯ್ದೆಯ ಸೆಕ್ಷನ್ 146ರ ಪ್ರಕಾರ. ಲಿಖಿತ ಪರೀಕ್ಷೆ, ಆಮೇಲೆ ಮೌಖಿಕ, ಎರಡೂ ಪಾಸಾಗಬೇಕು. ಆಫೀಸಿನ ನೌಕರರಲ್ಲೂ ಪರೀಕ್ಷೆ ಪಾಸಾದವರಿಗೆ ಜಿ ಕಾರ್ಡ್, ಓಡಾಟದ ಹುಡುಗರಿಗೆ ಎಚ್ ಕಾರ್ಡ್. ಬಂದರಿನಲ್ಲಿ ಎಲ್ಲರೂ ಬ್ರೋಕರ್‌ನನ್ನು ಇವತ್ತಿಗೂ ಹಳೆ ಹೆಸರಿನಿಂದ ಸಿಎಚ್‌ಎ (ಕಸ್ಟಮ್ಸ್ ಹೌಸ್ ಏಜೆಂಟ್) ಅಂತಲೇ ಕರೆಯುತ್ತಾರೆ. ಫಾರ್ವರ್ಡರ್ ಬೇರೆ, ಅವನು ಹಡಗಿನಲ್ಲಿ ಜಾಗ ಮಾರುವವನು. ಕೆಲವರ ಹತ್ತಿರ ಎರಡೂ ಇರುತ್ತವೆ. ಇಲ್ಲದವರು ನಿಮ್ಮ ಕಾಗದವನ್ನು ಇನ್ನೊಬ್ಬರಿಗೆ ದಾಟಿಸುತ್ತಾರೆ. ನಿಮ್ಮ ಪರವಾಗಿ ಸಹಿ ಹಾಕುವವನು ಯಾರು ಅಂತ ಮೊದಲು ಕೇಳಿ.

ಬ್ರೋಕರ್ ಅಂದರೆ ಮಾಲು ಬಂದ ಮೇಲೆ ಓಡಾಡುವವನು ಅಂತ ಬಹಳ ಜನರ ಎಣಿಕೆ. ಮಾಲು ಹಡಗು ಹತ್ತುವ ಮುಂಚೆಯೇ ಅವನನ್ನು ಹಿಡಿಯಿರಿ. ಕೊಟ್ಟ ಫೀಸು ವಸೂಲಾಗುವುದು ಅಲ್ಲೇ.

ಮೊದಲು ಎಚ್‌ಎಸ್‌ಎನ್ ನೋಡಿ, ಅಂದರೆ ಡ್ಯೂಟಿ ಎಷ್ಟು ಅಂತ ಹೇಳುವ ಮಾಲಿನ ಕೋಡ್. ಪ್ಯಾಕಿಂಗ್ ಮೆಷಿನ್ 8422ರಲ್ಲಿ ಬರುತ್ತದೆ. ಸಪ್ಲೈಯರ್ ಇನ್‌ವಾಯ್ಸ್‌ನಲ್ಲಿ ಅವರ ದೇಶದ ಕೋಡ್ ಬರೆದಿರುತ್ತಾನೆ. ಮೊದಲ 6 ಅಂಕಿ ಜಗತ್ತಿಗೆಲ್ಲ ಒಂದೇ, ಮುಂದಿನದು ಒಂದೊಂದು ದೇಶಕ್ಕೆ ಒಂದೊಂದು. ಅದನ್ನೇ ಎತ್ತಿ ಹಾಕಿಬಿಡಬೇಡಿ. ಮೆಷಿನ್ ಜೊತೆ ಬಿಡಿಭಾಗ, ಫಿಲ್ಮ್ ರೋಲ್, ತೂಕದ ಯೂನಿಟ್ ಬೇರೆ ಐಟಂ ಅಂತ ಬಿಲ್ ಮಾಡಿದ್ದರೆ ಒಂದೊಂದಕ್ಕೂ ಬೇರೆ ಕೋಡ್ ಬರಬಹುದು.

ಎರಡನೆಯದು ಅನುಮತಿಗಳು. ಯಂತ್ರಗಳ ಮೇಲಿನ ಬಿಐಎಸ್ (ಭಾರತೀಯ ಮಾನಕ ಬ್ಯೂರೊ, ಗುಣಮಟ್ಟದ ಗುರುತು ಕೊಡುವವರು) ಆದೇಶಗಳ ತಾರೀಖು ಮುಂದಕ್ಕೆ ಹೋಗುತ್ತಾ ಇರುತ್ತದೆ. ನಿಮ್ಮ ಮೆಷಿನ್ ಅದರಲ್ಲಿ ಬರುತ್ತದಾ, ಬಂದರೆ ಯಾವ ತಾರೀಖಿನಿಂದ ಅಂತ ಬ್ರೋಕರ್ ಹತ್ತಿರ ಮೇಲ್‌ನಲ್ಲಿ ಬರೆಸಿಕೊಳ್ಳಿ. ಫೋನಿನಲ್ಲಿ ಹೇಳಿದ್ದು ನೆನಪಿಗೆ ಬರುವುದಿಲ್ಲ.

ಮೂರನೆಯದು ಮರದ ಪೆಟ್ಟಿಗೆ. ಚೀನಾದಿಂದ ಮೆಷಿನ್ ಬರುವುದು ಮರದ ಕ್ರೇಟ್‌ನಲ್ಲಿ. ಮರದ ಮೇಲೆ ಐಎಸ್‌ಪಿಎಂ-15 ಮುದ್ರೆ (ಮರದಲ್ಲಿ ಕೀಟ ಇಲ್ಲದಂತೆ ಸಂಸ್ಕರಿಸಿದ್ದಕ್ಕೆ ಅಂತರರಾಷ್ಟ್ರೀಯ ಗುರುತು) ಇರಬೇಕು. ತೆನೆಯ ಹಾಗೆ ಒಂದು ಗುರುತು, ದೇಶದ ಕೋಡ್, ಎಚ್‌ಟಿ ಅಥವಾ ಎಂಬಿ ಅನ್ನುವ ಅಕ್ಷರ. ಎಚ್‌ಟಿ ಅಂದರೆ ಕಾಯಿಸಿದ ಮರ, ಎಂಬಿ ಅಂದರೆ ಹೊಗೆ ಹಾಕಿದ್ದು. ಮುದ್ರೆ ಇಲ್ಲದಿದ್ದರೆ ಪ್ಲಾಂಟ್ ಕ್ವಾರಂಟೈನ್‌ನವರ (ಕೀಟ, ಸಸ್ಯರೋಗ ತಪಾಸಣೆಯವರು) ಹತ್ತಿರ ಸಿಕ್ಕಿಕೊಳ್ಳುತ್ತೀರಿ. ಮೆಷಿನ್ ಸರಿ ಇದ್ದು ಪೆಟ್ಟಿಗೆಯಿಂದ ಮಾಲು ನಿಂತದ್ದು ನಮ್ಮಲ್ಲಿ ಹೊಸದೇನಲ್ಲ.

ತಾರಿಹಾಳ ಖಾರದಪುಡಿ:
ಸರ್, ನೀವು ಹೇಳಿದ್ದು ಒಳ್ಳೆಯದಾಯಿತು. ಕೂಡಲೇ ಕ್ರೇಟ್ ಫೋಟೊ ತರಿಸಿದೆ. ಮುದ್ರೆ ಕಾಣುತ್ತಿಲ್ಲ. "ಪ್ಲೈವುಡ್ ಹಾಕೋಣವಾ" ಅಂತ ಕೇಳುತ್ತಾರೆ. ಇನ್ನೊಂದು ಏನಂದರೆ, ಪೆಟ್ಟಿಗೆ ಖಾಲಿ ಇರುವ ಕಡೆ ಮಕ್ಕಳಿಗೆ ಅಂತ ಎರಡು ರಿಮೋಟ್ ಕಾರು, ಒಂದು ಬ್ಲೂಟೂತ್ ಸ್ಪೀಕರ್ ಇಡುತ್ತಾರಂತೆ, ಫ್ರೀ. ಜೊತೆಗೆ ಇನ್‌ವಾಯ್ಸ್ 4 ಲಕ್ಷಕ್ಕೆ ಮಾಡಿಕೊಡಲಾ ಅಂತಲೂ ಕೇಳಿದ್ದಾರೆ. ಎಲ್ಲರೂ ಹಾಗೇ ಮಾಡಿಸುತ್ತಾರಂತೆ. ಏನು ಹೇಳಲಿ?

ಪನ್ವೇಲ್ ಕನ್ನಡಿಗ:
ಪ್ಲೈವುಡ್ ಆದರೆ ಆ ಮುದ್ರೆ ಬೇಕಿಲ್ಲ. ಆದರೆ ಕೆಳಗಿನ ತೊಲೆ ಗಟ್ಟಿ ಮರದ್ದಾದರೆ ಅದಕ್ಕೆ ಮುದ್ರೆ ಬೇಕು. ತೊಲೆಯ ಫೋಟೊ ಬೇರೆ ಕೇಳಿ.

ಕಾರು, ಸ್ಪೀಕರ್ ಬೇಡವೇ ಬೇಡ. ಆಟಿಕೆಗೆ 2021ರ ಜನವರಿಯಿಂದ ಬಿಐಎಸ್ ಕಡ್ಡಾಯ. ಬ್ಲೂಟೂತ್ ಸ್ಪೀಕರ್‌ಗೆ ಬಿಐಎಸ್ ನೋಂದಣಿ, ಮೇಲೆ ವೈರ್‌ಲೆಸ್ ಅನುಮತಿ. ಫ್ರೀ ಅಂದರೂ ಡಿಕ್ಲೇರ್ ಮಾಡಬೇಕು. ಮಾಡಿದರೆ ಅನುಮತಿ ಇಲ್ಲ, ಮಾಡದಿದ್ದರೆ ಬಚ್ಚಿಟ್ಟ ಮಾಲು.

ಗೇರುಬೀಜ ಮಂಗಳೂರು:
ಇನ್‌ವಾಯ್ಸ್ ಇಳಿಸುವ ವಿಷಯ ಬಿಟ್ಟುಬಿಡಿ ಮಾರಾಯ್ರೆ. ಅದೇ ಮೆಷಿನ್ ಬೇರೆಯವರು ಎಷ್ಟಕ್ಕೆ ತರಿಸಿದ್ದಾರೆ ಅನ್ನುವ ದಾಖಲೆ ಕಸ್ಟಮ್ಸ್ ಹತ್ತಿರ ಇರುತ್ತದೆ. ಅನುಮಾನ ಬಂದರೆ 2007ರ ಮೌಲ್ಯಮಾಪನ ನಿಯಮದ 12ನೇ ನಿಯಮದಲ್ಲಿ ನಿಮ್ಮ ಬೆಲೆಯನ್ನೇ ತಳ್ಳಿಹಾಕಬಹುದು. ಮತ್ತೆ ಎರಡು ಇನ್‌ವಾಯ್ಸ್ ಇದೆ ಅಂತ ಬ್ರೋಕರ್‌ಗೆ ಗೊತ್ತಾದರೆ ಅವನು ನಿಮಗೆ ಬೇಡ ಅನ್ನಬೇಕು. ನೀವು ಕೇಳದಿದ್ದರೆ ಅಧಿಕಾರಿಗೆ ತಿಳಿಸಬೇಕು. ಅವರ 2018ರ ಲೈಸೆನ್ಸ್ ನಿಯಮಗಳಲ್ಲೇ ಅದು ಬರೆದಿದೆ. "ಮಾಡ್ಕೊಡ್ತೇನೆ ಬಿಡಿ" ಅನ್ನುವ ಬ್ರೋಕರ್ ಸಿಕ್ಕಿದರೆ ಅವನನ್ನೇ ಬಿಡಿ.

ನಮ್ಮದು ಆಫ್ರಿಕಾದ ಕಚ್ಚಾ ಗೇರುಬೀಜ, ಇಲ್ಲಿನ ಪಣಂಬೂರು ಬಂದರಿಗೆ ಬರುತ್ತದೆ. ಇಲ್ಲಿ ಬ್ರೋಕರ್ ಇಲ್ಲದಿದ್ದರೆ ಕೈ ಕಾಲು ಆಡುವುದಿಲ್ಲ. ಆಮದು ಪರ್ಮಿಟ್, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರ, ಫ್ಯೂಮಿಗೇಷನ್ ಕಾಗದ, ಮಾಲು ಯಾವ ದೇಶದ್ದು ಅಂತ ಹೇಳುವ ಮೂಲ ಪ್ರಮಾಣಪತ್ರ, ಒಂದಕ್ಕೊಂದು ತಾಳೆಯಾಗಬೇಕು. ಬೆನಿನ್, ತಾಂಜಾನಿಯಾ ತರಹದ ದೇಶದಿಂದ ತಂದರೆ ಮೂಲ ಪ್ರಮಾಣಪತ್ರದ ಮೇಲೆ ಡ್ಯೂಟಿ ರಿಯಾಯಿತಿ ಇದೆ. ಅದರಲ್ಲಿ ಚೀಲದ ಲೆಕ್ಕ ಬಿಲ್ ಆಫ್ ಲೇಡಿಂಗ್‌ಗಿಂತ (ಮಾಲು ಹಡಗಿಗೆ ಹತ್ತಿಸಿದ್ದಕ್ಕೆ ಕೊಡುವ ರಸೀದಿ) ಬೇರೆ ಇದ್ದರೆ ರಿಯಾಯಿತಿ ಸಿಗುವುದು ಅನುಮಾನ. ನಮ್ಮ ಬ್ರೋಕರ್ ಹಡಗು ಹೊರಡುವ ಮೊದಲೇ ಡ್ರಾಫ್ಟ್ ತರಿಸಿ ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾರೆ. ಮಾಲು ಬಂದ ಮೇಲೆ ತಿದ್ದಿಸಲು ಬೆನಿನ್‌ನ ಕೊಟೊನುವಿನ ಆಫೀಸಿಗೆ ಯಾರು ಹೋಗುವುದು?

ಲೆಡ್ಜರ್ ಅಕ್ಕ:
ನಾನು ಸಿಎ. ಇನ್‌ವಾಯ್ಸ್ ಇಳಿಸುವುದು ಕಾನೂನಿನ ತಪ್ಪು ಅನ್ನುವುದು ಹಾಗಿರಲಿ, ಲೆಕ್ಕಕ್ಕೂ ಹಾಗೆ ಮಾಡುವುದು ದಡ್ಡತನ. ನೋಡಿ.

ಎಫ್‌ಒಬಿ 8,00,000. ಸಮುದ್ರದ ಬಾಡಿಗೆ 40,000 ಅಂದುಕೊಳ್ಳೋಣ. ಇನ್ಶೂರೆನ್ಸ್ ಕಾಗದ ಇಲ್ಲದಿದ್ದರೆ ಎಫ್‌ಒಬಿಯ 1.125%, ಅಂದರೆ 9,000. ಡ್ಯೂಟಿ ಹಾಕುವ ಮೌಲ್ಯ 8,49,000. 8422ಕ್ಕೆ ಮೂಲ ಕಸ್ಟಮ್ಸ್ ಸುಂಕ 7.5% ಹಿಡಿದರೆ 63,675. ಅದರ ಮೇಲೆ 10% ಸಮಾಜ ಕಲ್ಯಾಣ ಸರ್‌ಚಾರ್ಜ್, 6,368. ಇವೆಲ್ಲ ಸೇರಿಸಿ ಅದರ ಮೇಲೆ 18% ಐಜಿಎಸ್‌ಟಿ, ಸುಮಾರು 1,65,428. ಒಟ್ಟು 2,35,000 ದಾಟುತ್ತದೆ. ಗಾಬರಿ ಬೇಡ. ಐಜಿಎಸ್‌ಟಿ ನಿಮಗೆ ಇನ್‌ಪುಟ್ ಕ್ರೆಡಿಟ್ ಆಗಿ ವಾಪಸ್ ಬರುತ್ತದೆ, ಬಿಲ್ ಆಫ್ ಎಂಟ್ರಿಯಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಸರಿಯಾಗಿದ್ದರೆ. ಕೈಯಿಂದ ಹೋಗುವುದು 70,000 ಚಿಲ್ಲರೆ ಮಾತ್ರ.

ಈಗ 4 ಲಕ್ಷಕ್ಕೆ ಇಳಿಸಿದಿರಿ ಅನ್ನಿ. ನಿಜವಾಗಿ ಉಳಿಯುವುದು ಸುಮಾರು 33,000. ಅದಕ್ಕಾಗಿ ಉಳಿದ 4 ಲಕ್ಷವನ್ನು ಬ್ಯಾಂಕ್ ಬಿಟ್ಟು ಬೇರೆ ದಾರಿಯಲ್ಲಿ ಚೀನಾಕ್ಕೆ ಕಳಿಸಬೇಕು. ಮೆಷಿನ್‌ನ ಸವಕಳಿಯನ್ನು ಅರ್ಧ ಬೆಲೆಗೇ ಕ್ಲೇಮ್ ಮಾಡಬೇಕು. ಸಿಕ್ಕಿಬಿದ್ದರೆ ತಪ್ಪಿಸಿದ ಡ್ಯೂಟಿಯಷ್ಟೇ ದಂಡ, ಮೆಷಿನ್ ಜಪ್ತಿ, ಬಿಡಿಸಿಕೊಳ್ಳಲು ಇನ್ನೊಂದು ದಂಡ. 33,000ಕ್ಕೆ ಇಷ್ಟೆಲ್ಲ ಬೇಕಾ?

ಇನ್ನೊಂದು ಮಾತು. ಡ್ಯೂಟಿ ದುಡ್ಡನ್ನು ಬ್ರೋಕರ್ ಖಾತೆಗೆ ಹಾಕಬೇಡಿ. ಚಲನ್ ಬಂದ ಮೇಲೆ ನೀವೇ ಐಸ್‌ಗೇಟ್‌ನಲ್ಲಿ ನಿಮ್ಮ ಖಾತೆಯಿಂದ ಕಟ್ಟಿ. ನನ್ನ ಕ್ಲೈಂಟ್ ಒಬ್ಬರು ಏಜೆಂಟ್ ಖಾತೆಗೆ ಹಾಕಿದ್ದರು. ಆತ ಅದನ್ನು ಬೇರೆ ಪಾರ್ಟಿಯ ಡ್ಯೂಟಿಗೆ ತಿರುಗಿಸಿದ. ಇವರ ಮಾಲು ಬಂದರಿನಲ್ಲೇ ಉಳಿಯಿತು, ಬಡ್ಡಿ 15% ಓಡುತ್ತಿತ್ತು. ಬಿಲ್ ಆಫ್ ಎಂಟ್ರಿ ಪ್ರತಿಯನ್ನು ಜೋಪಾನ ಮಾಡಿ. ಮುಂಗಡ ಹಣ ಕಳಿಸಿದ್ದಕ್ಕೆ ಮಾಲು ಬಂದ ಸಾಕ್ಷಿ ಅಂತ ಬ್ಯಾಂಕ್ ಅದನ್ನೇ ಕೇಳುತ್ತದೆ.

ಸ್ವಂತ ಫೈಲಿಂಗ್:
ಒಪ್ಪಿದೆ. ಆದರೆ ಒಂದು ಪ್ರಶ್ನೆ. ಬ್ರೋಕರ್ ತಪ್ಪು ಕೋಡ್ ಹಾಕಿದ, ಎರಡು ವರ್ಷದ ಮೇಲೆ ನೋಟಿಸ್ ಬಂತು. ಯಾರು ಕಟ್ಟುವುದು? ಬ್ರೋಕರ್ ಬಂದು ಕಟ್ಟುತ್ತಾನಾ?

ಪನ್ವೇಲ್ ಕನ್ನಡಿಗ:
ಕಟ್ಟುವುದು ಆಮದುದಾರರೇ. ಅದರಲ್ಲಿ ಮುಚ್ಚುಮರೆ ಏನೂ ಇಲ್ಲ. ಸೆಕ್ಷನ್ 147 ಪ್ರಕಾರ ಏಜೆಂಟ್ ಮಾಡಿದ್ದು ಮಾಲೀಕರಿಗೆ ಗೊತ್ತಿದ್ದು, ಒಪ್ಪಿಗೆಯಿಂದಲೇ ಆಗಿದ್ದು ಅಂತ ಲೆಕ್ಕ, ಹಾಗಲ್ಲ ಅಂತ ಸಾಬೀತು ಮಾಡುವವರೆಗೆ. ನಮ್ಮ ಕಡೆಯಿಂದ ಅಸಡ್ಡೆ ಆಗಿದ್ದರೆ ನಮ್ಮ ಲೈಸೆನ್ಸ್‌ಗೂ ಕುತ್ತು, ದಂಡವೂ ಬೀಳುತ್ತದೆ. ಆದರೆ ನಿಮ್ಮ ಡ್ಯೂಟಿ ನಿಮ್ಮದೇ.

ಅದಕ್ಕೇ ಚೆಕ್‌ಲಿಸ್ಟ್ ಅನ್ನುವುದು. ಬಿಲ್ ಆಫ್ ಎಂಟ್ರಿ ಸಲ್ಲಿಸುವ ಮೊದಲು ಬ್ರೋಕರ್ ಅದರ ಕರಡನ್ನು ನಿಮಗೆ ಕಳಿಸುತ್ತಾನೆ. ನೂರಕ್ಕೆ ತೊಂಬತ್ತು ಜನ ತೆರೆದೂ ನೋಡದೆ ವಾಟ್ಸಾಪ್‌ನಲ್ಲಿ "ಓಕೆ" ಅನ್ನುತ್ತಾರೆ. ಆ ಓಕೆ ನಿಮ್ಮ ಸಹಿ ಇದ್ದ ಹಾಗೆ. ಹಾಗಾಗಿ ಏನು ನೋಡಬೇಕು ಅಂತ ಹೇಳುತ್ತೇನೆ.

ಬೆಲೆಯ ಷರತ್ತು ಮೊದಲು. ನಿಮ್ಮದು ಎಫ್‌ಒಬಿ. ಟೈಪ್ ಮಾಡುವವನು ಸಿಐಎಫ್ (ಬಾಡಿಗೆ, ಇನ್ಶೂರೆನ್ಸ್ ಸೇರಿದ ಬೆಲೆ) ಅಂತ ಹಾಕಿದರೆ ಬಾಡಿಗೆ ಸೇರುವುದಿಲ್ಲ, ಬೆಲೆ ಕಮ್ಮಿ ತೋರಿಸಿದಂತಾಗುತ್ತದೆ. ನಿಮ್ಮದು ಸಿಐಎಫ್ ಇದ್ದು ಎಫ್‌ಒಬಿ ಅಂತ ಹಾಕಿದರೆ ಬಾಡಿಗೆ ಎರಡು ಸಲ ಸೇರುತ್ತದೆ. ಆಮೇಲೆ ಬಾಡಿಗೆಯ ಅಂಕಿ. ಫಾರ್ವರ್ಡರ್‌ನಿಂದ ಫ್ರೈಟ್ ಸರ್ಟಿಫಿಕೇಟ್ (ಬಾಡಿಗೆ ಎಷ್ಟು ಅನ್ನುವ ಪತ್ರ) ಬಂದಿಲ್ಲ ಅಂದರೆ ಎಫ್‌ಒಬಿಯ 20% ಹಾಕುತ್ತಾರೆ. ನಿಮ್ಮ ವಿಷಯದಲ್ಲಿ 40,000 ಇರುವ ಕಡೆ 1,60,000 ಕೂರುತ್ತದೆ. ನಿಯಮ ಹಾಗೇ ಇದೆ, ಅಧಿಕಾರಿಯೂ ಏನೂ ಕೇಳುವುದಿಲ್ಲ. ನಷ್ಟ ನಿಮ್ಮದು.

ಕರೆನ್ಸಿ ಡಾಲರಾ ಯುವಾನಾ ನೋಡಿ. ಜಿಎಸ್‌ಟಿ ನಂಬರ್ ಒಂದೊಂದು ಅಕ್ಷರ ಓದಿ. ಬಿಲ್ ಆಫ್ ಲೇಡಿಂಗ್‌ನ ತೂಕ, ಪ್ಯಾಕೇಜ್ ಸಂಖ್ಯೆ ತಾಳೆ ನೋಡಿ. ವಿವರಣೆ ಜಾಗದಲ್ಲಿ ಬರೀ "ಮೆಷಿನ್" ಅಂತ ಇದ್ದರೆ ಒಪ್ಪಬೇಡಿ. ಮಾಡೆಲ್ ನಂಬರ್, ಏನು ಕೆಲಸ, ಎಷ್ಟು ಕಿಲೋವ್ಯಾಟ್, ಹೊಸದಾ ಹಳೆಯದಾ, ಎಲ್ಲ ಇರಲಿ. ಹಳೆ ಮೆಷಿನ್ ಆದರೆ ಚಾರ್ಟರ್ಡ್ ಎಂಜಿನಿಯರ್ ಸರ್ಟಿಫಿಕೇಟ್ ಬೇರೆ ಬೇಕು.

ಕ್ಯಾಟಲಾಗ್ ಕೊಡಿ. ಅದನ್ನು ಮೊದಲೇ ಇ-ಸಂಚಿತ್‌ಗೆ ಏರಿಸಿದರೆ ಅರ್ಧ ಪ್ರಶ್ನೆ ಬರುವುದೇ ಇಲ್ಲ.

ಕೆಂಗೇರಿ ಕಡೆಯವ:
ಇಷ್ಟೆಲ್ಲ ಯಾಕೆ? ಒಳಗೆ ಪರಿಚಯ ಇರುವ ಏಜೆಂಟ್ ಹಿಡಿದರೆ ಸಂಜೆಯೊಳಗೆ ಮಾಲು ಹೊರಗೆ.

ಪನ್ವೇಲ್ ಕನ್ನಡಿಗ:
ಆ ಕಾಲ ಹೋಯಿತು ಅಣ್ಣ. 2020ರ ಜೂನ್ 8ರಿಂದ ಫೇಸ್‌ಲೆಸ್ ಅಸೆಸ್‌ಮೆಂಟ್, ಅಂದರೆ ಮುಖ ನೋಡದೆ ಆನ್‌ಲೈನ್‌ನಲ್ಲೇ ಬಿಲ್ ಪರಿಶೀಲನೆ. ಶುರುವಾಗಿದ್ದೇ ನಿಮ್ಮ ಬೆಂಗಳೂರು ಮತ್ತು ಚೆನ್ನೈನಲ್ಲಿ, ಕೋಡ್ ಪಟ್ಟಿಯ 84 ಮತ್ತು 85ನೇ ಅಧ್ಯಾಯದ ಮಾಲಿಗೆ (ಯಂತ್ರ, ಎಲೆಕ್ಟ್ರಿಕಲ್ ಸಾಮಾನು). ಅದೇ ವರ್ಷದ ಅಕ್ಟೋಬರ್ ಕೊನೆಗೆ ದೇಶಕ್ಕೆಲ್ಲ ಬಂತು. ನ್ಹಾವಾ ಶೇವಾದ ಬಿಲ್ ಯಾವ ಊರಿನ ಅಧಿಕಾರಿಯ ಸ್ಕ್ರೀನಿಗೆ ಹೋಗುತ್ತದೆ ಅಂತ ನಮಗೂ ಗೊತ್ತಿರುವುದಿಲ್ಲ. ಬಹಳಷ್ಟು ಬಿಲ್‌ಗಳನ್ನು ಕಂಪ್ಯೂಟರ್ ಯಾರಿಗೂ ತೋರಿಸದೆ ಮುಂದೆ ಕಳಿಸುತ್ತದೆ. ಪ್ರಶ್ನೆ ಬಂದರೆ ಬರಹದಲ್ಲಿ ಬರುತ್ತದೆ, ಉತ್ತರವೂ ಬರಹದಲ್ಲೇ. ಮಾಲು ಪರೀಕ್ಷೆ ಮಾತ್ರ ಬಂದರಿನಲ್ಲೇ ಆಗುತ್ತದೆ. ಪೆಟ್ಟಿಗೆಯ ಯಾವ ಮೂಲೆಯಲ್ಲಿ ನೇಮ್‌ಪ್ಲೇಟ್ ಇದೆ ಅಂತ ಗೊತ್ತಿರುವ ಹುಡುಗ ಅಲ್ಲಿ ನಿಂತಿದ್ದರೆ ಕೆಲಸ ಬೇಗ ಮುಗಿಯುತ್ತದೆ. ಪರಿಚಯದಿಂದ ಆಗುವ ಉಪಕಾರ ಅಷ್ಟೇ.

ಲಾರಿ ಆಫೀಸ್ ಬೆಳಗಾವಿ:
ಯಾರೂ ಹೇಳದ ಒಂದು ಖರ್ಚು ಹೇಳುತ್ತೇನೆ. ಎಲ್‌ಸಿಎಲ್‌ನಲ್ಲಿ ಸಮುದ್ರದ ಬಾಡಿಗೆ ಅಗ್ಗ ಅಂತ ಖುಷಿಪಡಬೇಡಿ. ಕೆಲವು ಕಡೆ ಆ ದುಡ್ಡನ್ನು ಇಲ್ಲಿ ಡೆಲಿವರಿ ಆರ್ಡರ್ (ಡಿಒ, ಮಾಲು ಬಿಡಬಹುದು ಅನ್ನುವ ಪತ್ರ) ಕೊಡುವಾಗ ವಸೂಲಿ ಮಾಡುತ್ತಾರೆ. ಘನ ಮೀಟರ್‌ಗೆ ಇಷ್ಟು, ಡಾಕ್ಯುಮೆಂಟ್‌ಗೆ ಇಷ್ಟು ಅಂತ ಬಿಲ್ ಬರುತ್ತದೆ. ಡಿಒ ಇಲ್ಲದೆ ಮಾಲು ಎತ್ತಲು ಆಗುವುದಿಲ್ಲ, ಆಗ ಚೌಕಾಸಿಗೆ ಜಾಗವೇ ಇಲ್ಲ. ಇಲ್ಲಿನ ಖರ್ಚು ಎಷ್ಟು ಅಂತ ಮಾಲು ಹತ್ತಿಸುವ ಮೊದಲೇ ಬರಹದಲ್ಲಿ ತಗೊಳ್ಳಿ. ಎಲ್‌ಸಿಎಲ್ ಆದ್ದರಿಂದ ಶಿಪ್ಪಿಂಗ್ ಲೈನ್‌ನ ಕಂಟೇನರ್ ಬಾಡಿಗೆಯ ತಲೆನೋವು ನಿಮಗಿಲ್ಲ. ಸಿಎಫ್‌ಎಸ್ (ಬಂದರಿನ ಹತ್ತಿರ ಕಂಟೇನರ್ ಬಿಚ್ಚಿ ಮಾಲು ಇಡುವ ಜಾಗ) ಗೋದಾಮಿನ ಬಾಡಿಗೆ ಇದೆ, ದಿನ ಹೋದಂತೆ ದರ ಏರುತ್ತದೆ.

ಬಂದರಿನಿಂದ ಹೊರಡುವಾಗ ಇ-ವೇ ಬಿಲ್ ಬೇಕು. ಹುಬ್ಬಳ್ಳಿಯಲ್ಲಿ ಇಳಿಸಲು ಕ್ರೇನ್ ಮೊದಲೇ ಹೇಳಿಡಿ. ಲಾರಿ ನಿಲ್ಲಿಸಿಕೊಂಡು ಕ್ರೇನ್ ಹುಡುಕುವವರನ್ನು ನೋಡಿ ನೋಡಿ ಸಾಕಾಗಿದೆ ನಮಗೆ.

ತಾರಿಹಾಳ ಖಾರದಪುಡಿ:
ನಿಜವಾದ ಲೈಸೆನ್ಸ್ ಇದೆಯಾ ಇಲ್ಲವಾ ಅಂತ ಹೇಗೆ ತಿಳಿಯುವುದು? ಇಬ್ಬರು ಕೊಟೇಷನ್ ಕಳಿಸಿದ್ದಾರೆ. ಒಬ್ಬರದು ಒಂದೇ ಸಾಲು: "ಎಲ್ಲಾ ಸೇರಿ ಇಷ್ಟು". ಇನ್ನೊಬ್ಬರದು ಎರಡು ಪುಟ.

ಪನ್ವೇಲ್ ಕನ್ನಡಿಗ:
ಎರಡು ಪುಟದವರ ಜೊತೆ ಮಾತಾಡಿ. ಏಜೆನ್ಸಿ ಫೀಸು ಬೇರೆ, ಸಿಎಫ್‌ಎಸ್, ಡಿಒ, ಲೇಬರ್ ಎಲ್ಲ ರಸೀದಿ ಪ್ರಕಾರ ಅಂತ ಬರೆದಿರಬೇಕು. ರಸೀದಿ ಇಲ್ಲದ "ಇತರೆ ಖರ್ಚು" ಎಷ್ಟು ಅಂತ ಕೇಳಿ, ಮುಖ ನೋಡಿದರೆ ಗೊತ್ತಾಗುತ್ತದೆ.

ಲೈಸೆನ್ಸ್ ಪ್ರತಿ ಕೇಳಿ. ಅದರಲ್ಲಿರುವ ಹೆಸರು, ಬಿಲ್ ಕೊಡುವ ಕಂಪನಿಯ ಹೆಸರು ಒಂದೇ ಇರಬೇಕು. ಲೈಸೆನ್ಸ್ ಬಾಡಿಗೆಗೆ ಕೊಡುವ ಚಾಳಿ ಇದೆ, ನಿಯಮದ ಪ್ರಕಾರ ಅದು ತಪ್ಪು. ಬೆಂಗಳೂರಿನಲ್ಲಿ ಲೈಸೆನ್ಸ್ ಪಡೆದವರು ಇಲ್ಲಿ ತಿಳಿಸಿ ಕೆಲಸ ಮಾಡಬಹುದು, ಅದರಲ್ಲಿ ಏನೂ ತೊಂದರೆ ಇಲ್ಲ. ನಿಮ್ಮ ಐಇಸಿ, ಜಿಎಸ್‌ಟಿ, ವಿಳಾಸದ ಕಾಗದ, ಅಧಿಕಾರ ಪತ್ರ ಕೇಳದೆ ಕೆಲಸ ಶುರು ಮಾಡುವ ಬ್ರೋಕರ್ ಇದ್ದರೆ ದೂರ ಇರಿ. ಅವೆಲ್ಲ ಪರಿಶೀಲಿಸುವುದು ಅವನ ಕರ್ತವ್ಯ.

ಹಾಗೆಯೇ ನಿಮ್ಮ ಐಇಸಿ ಚಾಲ್ತಿಯಲ್ಲಿದೆಯಾ ನೋಡಿಕೊಳ್ಳಿ. ಪ್ರತಿ ವರ್ಷ ಏಪ್ರಿಲ್‌ನಿಂದ ಜೂನ್ ಒಳಗೆ ಅಪ್‌ಡೇಟ್ ಮಾಡದಿದ್ದರೆ ನಿಷ್ಕ್ರಿಯ ಆಗುತ್ತದೆ.

ತಾರಿಹಾಳ ಖಾರದಪುಡಿ:
ಅಪ್‌ಡೇಟ್. ಕ್ರೇಟ್ ಬದಲಾಯಿಸಿದರು. ಹೊಸ ಮರದ ಮೇಲೆ ಎಚ್‌ಟಿ ಮುದ್ರೆ ಇದೆ, ತೊಲೆಯ ಫೋಟೊ ಕೂಡ ಬಂತು. ಆಟಿಕೆ, ಸ್ಪೀಕರ್ ಅಲ್ಲೇ ಬಿಡಿಸಿದೆ. ತಮ್ಮನ ಮೊಮ್ಮಗನಿಗೆ ಬೇಜಾರಾಗಿದೆ. ಇನ್‌ವಾಯ್ಸ್ 8 ಲಕ್ಷಕ್ಕೇ. ಎರಡು ಪುಟದವರನ್ನೇ ಹಿಡಿದೆ. ನಿನ್ನೆ ಚೆಕ್‌ಲಿಸ್ಟ್ ಬಂತು. ಮೊದಲು ಬಾಡಿಗೆಯ ಅಂಕಿ ನೋಡಿದೆ. 1,60,000 ಕೂತಿತ್ತು! ಫ್ರೈಟ್ ಸರ್ಟಿಫಿಕೇಟ್ ಕಳಿಸಿ ತಿದ್ದಿಸಿದೆ. ಲೆಡ್ಜರ್ ಅಕ್ಕಾರ ಲೆಕ್ಕದ ಹಾಗೆ ನೋಡಿದರೆ ವಾಪಸ್ ಬಾರದ ದುಡ್ಡೇ 9,900 ಉಳಿಯಿತು.

ಹಡಗು ಮುಂದಿನ ವಾರ ಬರುತ್ತದೆ. ಬಿಲ್ ಈಗಲೇ ಹಾಕಿಬಿಡಲಾ ಅಂತ ಬ್ರೋಕರ್ ಕೇಳುತ್ತಿದ್ದಾರೆ. ಹಡಗು ಬಂದ ಮೇಲೆ ಹಾಕಿದರೆ ಆಗುವುದಿಲ್ಲವಾ?

ಪನ್ವೇಲ್ ಕನ್ನಡಿಗ:
ಈಗಲೇ ಹಾಕಿಸಿ. ಸಾಮಾನ್ಯವಾಗಿ ಹಡಗು ಬರುವ ಹಿಂದಿನ ದಿನದೊಳಗೆ ಬಿಲ್ ಬಿದ್ದಿರಬೇಕು. ತಡವಾದರೆ ಮೊದಲ ಮೂರು ದಿನ ದಿನಕ್ಕೆ 5,000, ಆಮೇಲೆ ದಿನಕ್ಕೆ 10,000 ದಂಡ. ಐಜಿಎಂ (ಹಡಗಿನವರು ಕಸ್ಟಮ್ಸ್‌ಗೆ ಕೊಡುವ ಮಾಲಿನ ಪಟ್ಟಿ) ಬಂದ ಕೂಡಲೇ ನಿಮ್ಮ ಹೌಸ್ ಬಿಲ್‌ನ (ಫಾರ್ವರ್ಡರ್ ನಿಮ್ಮ ಹೆಸರಿಗೆ ಕೊಟ್ಟ ಬಿಲ್ ಆಫ್ ಲೇಡಿಂಗ್) ಸಾಲು, ಅಂದರೆ ಸಬ್‌ಲೈನ್, ಅದರಲ್ಲಿ ಇದೆಯಾ, ತೂಕ ಮತ್ತು ಪ್ಯಾಕೇಜ್ ಹೊಂದುತ್ತದಾ ಅಂತ ಬ್ರೋಕರ್‌ಗೆ ನೋಡಲು ಹೇಳಿ. ಕ್ರೇಟ್ ಬದಲಾಯಿಸಿದ್ದೀರಿ ಅಲ್ವಾ, ತೂಕವೂ ಬದಲಾಗಿರುತ್ತದೆ. ಪ್ಯಾಕಿಂಗ್ ಲಿಸ್ಟ್ ಹೊಸದು ಬಂದಿದೆಯಾ?

ತಾರಿಹಾಳ ಖಾರದಪುಡಿ:
ಇಲ್ಲ, ಹಳೆಯದೇ ಇದೆ. ಈಗಲೇ ಕೇಳುತ್ತೇನೆ.